ನಾನು ಗುಂಡಿ ಒತ್ತಲಿಲ್ಲ

ನಿಮ್ಮಮ್ಮನ ಸೀಮಂತದ ವಿಡಿಯೋದಲ್ಲಿ ಒಂದು ಕಡೆ ಏನೂ ನಡೆಯುವುದಿಲ್ಲ. ಹೆಂಗಸರು ಆರತಿ ತಟ್ಟೆ ಹಿಡಿದುಕೊಂಡು ಸುಮ್ಮನೆ ನಿಂತಿದ್ದಾರೆ. ಒಬ್ಬರು ಇನ್ನೊಬ್ಬರ ಮುಖ ನೋಡುತ್ತಾರೆ. ನಿಮ್ಮಮ್ಮ ಹಸೆಯ ಮೇಲೆ ಕೂತು ಬಳೆ ಎಣಿಸುವವಳ ಹಾಗೆ ತಲೆ ತಗ್ಗಿಸಿದ್ದಾಳೆ. ಮೊನ್ನೆ ನೀವು ಅದನ್ನು ನೋಡಿ, "ಅಜ್ಜಿ, ಇಲ್ಲಿ ಯಾಕೆ ಎಲ್ರೂ ಹಿಂಗೆ ನಿಂತ್ಬಿಟ್ಟಿದಾರೆ? ಸ್ಟಕ್ ಆಗಿದ್ಯಾ?" ಎಂದು ನಕ್ಕಿರಿ. ನಾನು "ಏನೋ ಆಗಿತ್ತು ಬಿಡಿ" ಅಂದೆ. ಎದುರಿಗೆ ಕೂತು ಹೇಳುವುದು ನನಗೆ ಯಾವತ್ತೂ ಬಂದಿಲ್ಲ. ಊರಿನ ಶಾಲೆಯಲ್ಲಿ ಮೇಷ್ಟ್ರು ಪದ್ಯ ಹೇಳು ಎಂದು ಎಬ್ಬಿಸಿದರೆ, ಬಾಯಿಗೆ ಬಂದ ಪದ್ಯವೂ ಗಂಟಲಲ್ಲೇ ನಿಲ್ಲುತ್ತಿತ್ತು. ಬರೆಯೆಂದರೆ ಬರೆದುಕೊಡುತ್ತಿದ್ದೆ. ಈಗಲೂ ಬರೆದುಕೊಡುತ್ತಿದ್ದೇನೆ.

ವಿಡಿಯೋ ಸ್ಟಕ್ ಆಗಿರಲಿಲ್ಲ. ಅವರನ್ನೆಲ್ಲ ನಿಲ್ಲಿಸಿದ್ದು ನಾನು.

ಮಾತಾಡಲು ನಾಚಿಕೆಯಾದರೂ ಹಾಡಲು ನನಗೆ ನಾಚಿಕೆ ಇರಲಿಲ್ಲ ಎಂದರೆ ನೀವು ನಂಬುವುದಿಲ್ಲ. ಸೋಬಾನೆ ಪದ ಹಾಡುವಾಗ ಯಾರೂ ನಮ್ಮ ಮುಖ ನೋಡುವುದಿಲ್ಲ. ಎಲ್ಲರ ಕಣ್ಣು ಹಸೆಯ ಮೇಲೆ ಕೂತವರ ಕಡೆಗೇ ಇರುತ್ತದೆ. ನಾವು ನಾಲ್ಕಾರು ಹೆಂಗಸರು ಗೋಡೆಗೊರಗಿ, ಸೆರಗು ಹೊದ್ದು, ಒಬ್ಬಳು ಎತ್ತಿಕೊಟ್ಟಿದ್ದನ್ನು ಉಳಿದವರು ತೆಗೆದುಕೊಂಡು ಹಾಡುತ್ತಿದ್ದೆವು. ಎತ್ತಿಕೊಡುವವಳು ನಾನು. ಅರಿಶಿನ ಹಚ್ಚುವಾಗ ಒಂದು ಪದ, ಬಳೆ ತೊಡಿಸುವಾಗ ಒಂದು, ಮಡಿಲು ತುಂಬುವಾಗ ಒಂದು, ಆರತಿಗೆ ಒಂದು. ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಪದ. ಅದಲು ಬದಲಾಗುವಂತಿಲ್ಲ. ಹಾಡಿಲ್ಲದೆ ಆರತಿ ಎತ್ತುವಂತೆಯೂ ಇಲ್ಲ. ಮದುವೆಯಾಗಿ ವಿಜಯನಗರಕ್ಕೆ ಬಂದ ಮೇಲೂ ನಮ್ಮ ಬೀದಿಯಲ್ಲಿ, ಆಚೆ ಮಾರೇನಹಳ್ಳಿಯ ನೆಂಟರ ಮನೆಗಳಲ್ಲಿ ಹಸೆ ಇಟ್ಟರೆ ನನ್ನನ್ನು ಕರೆಯುತ್ತಿದ್ದರು. ನಿಮ್ಮ ತಾತ ರಾಜಾಜಿನಗರದ ಕಾರ್ಖಾನೆಯಿಂದ ಬಂದು ಬೀಗ ಹಾಕಿದ ಬಾಗಿಲ ಮುಂದೆ ಕೂತಿರುತ್ತಿದ್ದರು. "ಹಾಡಮ್ಮ ಬಂದ್ಳು, ಇನ್ನು ಅನ್ನ ಸಿಗುತ್ತೆ" ಎನ್ನುತ್ತಿದ್ದರು.

ಅವರು ಹೋದ ಮೇಲೆ ಕರೆಯುವುದು ನಿಂತಿತು. ಯಾರೂ ಬರಬೇಡ ಎನ್ನಲಿಲ್ಲ. ಕರೆಯಲಿಲ್ಲ, ಅಷ್ಟೇ. ಗಂಡ ಸತ್ತವಳು ಹಸೆಯ ಹತ್ತಿರ ಹೋಗಬಾರದು ಎನ್ನುವುದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ನನಗೂ ಗೊತ್ತಿತ್ತು. ನಾನೇ ಇನ್ನೊಬ್ಬರ ಮನೆಯಲ್ಲಿ ಅಂಥವರು ಅಡುಗೆಮನೆಯ ಕಡೆಗೆ ಸರಿದು ಹೋಗುವುದನ್ನು ನೋಡಿದ್ದೆ.

ಇನ್ನು ಕಂಪ್ಯೂಟರಿನ ವಿಚಾರ. ನಿಮ್ಮಮ್ಮ ಬಸವೇಶ್ವರನಗರದ ಒಂದು ಸ್ಟುಡಿಯೋದಲ್ಲಿ ಮದುವೆ ವಿಡಿಯೋ ಮಿಕ್ಸಿಂಗ್ ಮಾಡುತ್ತಿದ್ದಳು. ನಿಮ್ಮಲ್ಲಿ ದೊಡ್ಡವಳು ಹೊಟ್ಟೆಯಲ್ಲಿದ್ದಾಗ ಅವಳಿಗೆ ವಿಪರೀತ ವಾಂತಿ. ಕೆಂಗೇರಿಯ ಗಂಡನ ಮನೆಯಿಂದ ದಿನಾ ಬಸ್ಸಿನಲ್ಲಿ ಓಡಾಡಬೇಡಿ ಎಂದು ಡಾಕ್ಟರು ಹೇಳಿದ್ದರಿಂದ, ಸ್ಟುಡಿಯೋದ ಹಳೆಯ ಕಂಪ್ಯೂಟರನ್ನು ಆಟೋದಲ್ಲಿ ಹಾಕಿಕೊಂಡು ನಮ್ಮ ಮನೆಗೇ ಬಂದುಬಿಟ್ಟಳು. ಹಾಲಿನ ಮೂಲೆಯಲ್ಲಿ ಅದನ್ನಿಟ್ಟು ಅಲ್ಲೇ ಕೆಲಸ ಮಾಡುತ್ತಿದ್ದಳು. ಯಾರದೋ ಮದುವೆಯ ವಿಡಿಯೋಗೆ ಸಿನಿಮಾ ಹಾಡು ಅಂಟಿಸುತ್ತಾ ಒಂದು ದಿನ, "ಅಮ್ಮ, ಇಲ್ಲಿ ನಿನ್ನ ಪದ ಇದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು! ಹಾಡು, ರೆಕಾರ್ಡ್ ಮಾಡ್ಕೋತೀನಿ" ಅಂದಳು.

"ಹೋಗೇ, ನನಗೆ ಮರ್ತೋಗಿದೆ."

"ಬೆಳಿಗ್ಗೆ ಪಾತ್ರೆ ತೊಳೀವಾಗ ಗುನುಗ್ತಿದ್ದೆಯಲ್ಲ, ಅದೇನು ನಲ್ಲಿ ಹಾಡ್ತಿತ್ತಾ?"

ಕೊನೆಗೆ ಒಪ್ಪಿದೆ. ಮೈಕು ಮುಂದಿಟ್ಟಳು. ಅವಳು ಪರದೆಯ ಮುಂದೆ ಕೂತು ನನ್ನ ಬಾಯಿ ನೋಡುತ್ತಿದ್ದರೆ ನನಗೆ ಉಸಿರೇ ಹೊರಡಲಿಲ್ಲ. "ನೀನು ಆಚೆ ಹೋಗು" ಅಂದೆ.

"ನಾನು ಆಚೆ ಹೋದ್ರೆ ಇದನ್ನ ಆನ್ ಆಫ್ ಮಾಡೋರು ಯಾರು? ಪಕ್ಕದ್ಮನೆ ಆಂಟಿನಾ?"

ಕಂಪ್ಯೂಟರಿನ ಮೌಸು ಮುಟ್ಟಲು ನನಗೆ ಭಯ. ಎಲ್ಲಿಗೆ ತಳ್ಳಿದರೆ ಎಲ್ಲಿಗೋ ಹೋಗುವ ಬಾಣ, ಎಲ್ಲ ಅಕ್ಷರವೂ ಇಂಗ್ಲಿಷು, ಮೇಲಾಗಿ ಯಾರದೋ ಮದುವೆ ಅದರೊಳಗಿದೆ. ಅಳಿಸಿಹೋದರೆ? ಅವಳು ಸ್ವಲ್ಪ ಯೋಚಿಸಿ ತನ್ನ ಮೊಬೈಲನ್ನು ನನ್ನ ಕೈಗಿಟ್ಟಳು. ಕಂಪ್ಯೂಟರಿನ ಹಿಂದೆ ಹೆಬ್ಬೆರಳಷ್ಟು ಗಾತ್ರದ ಒಂದು ವಸ್ತು ಚುಚ್ಚಿದಳು. ಅದರಲ್ಲಿ ನೀಲಿ ದೀಪ ಮಿನುಗಿತು. "ಇದು ಬ್ಲೂಟೂತು. ಮೊಬೈಲಿಗೂ ಕಂಪ್ಯೂಟರಿಗೂ ಮಧ್ಯೆ ವೈರಿಲ್ದೆ ಮಾತು" ಅಂದಳು. ಎರಡರಲ್ಲೂ ಒಂದೇ ಸಂಖ್ಯೆ ಒತ್ತಿ ಅವೆರಡಕ್ಕೂ ಪರಿಚಯ ಮಾಡಿಸಿದಳು. ಆಮೇಲೆ ಮೊಬೈಲಿನ ಮಧ್ಯದ ಪುಟ್ಟ ಗುಂಡಿಯನ್ನು ಎಡಕ್ಕೆ ತಳ್ಳಿದರೆ ಅಲ್ಲಿ ದೂರದ ಪರದೆಯ ಮೇಲೆ ಬಾಣ ಎಡಕ್ಕೆ ಹೋಯಿತು. ಬಲಕ್ಕೆ ತಳ್ಳಿದೆ, ಬಲಕ್ಕೆ. ನನಗೆ ನಗು ತಡೆಯಲಾಗಲಿಲ್ಲ. ಹುಲ್ಲು ಮೇಯುತ್ತಿದ್ದ ಕರುವನ್ನು ಹಗ್ಗವಿಲ್ಲದೆ ಎಳೆದ ಹಾಗಿತ್ತು.

ಅವಳು ಬಾಣವನ್ನು ಕೆಂಪು ಚುಕ್ಕಿಯ ಮೇಲೆ ನಿಲ್ಲಿಸಿ, "ಹಾಡೋಕೆ ಮುಂಚೆ ಒತ್ತು, ಮುಗಿದ ಮೇಲೆ ಒತ್ತು. ಇನ್ನೇನೂ ಮುಟ್ಟಬೇಡ" ಎಂದು ಹೇಳಿ ಬಾಗಿಲು ಎಳೆದುಕೊಂಡು ಹೋದಳು. ನಾನು ಕಂಪ್ಯೂಟರಿಗೆ ಬೆನ್ನು ಹಾಕಿ, ಗೋಡೆಯ ಕಡೆ ತಿರುಗಿ ಚಾಪೆಯ ಮೇಲೆ ಕೂತೆ. ಒತ್ತಿದೆ. ಹಾಡಿದೆ. ಒತ್ತಿದೆ. ಮರೆತುಹೋಗಿದೆ ಎಂದುಕೊಂಡಿದ್ದ ಪದಗಳೆಲ್ಲ ಗೋಡೆಯಿಂದ ಇಳಿದು ಬಂದ ಹಾಗೆ ಬಂದವು. ದಿನಾ ಮಧ್ಯಾಹ್ನ ಒಂದೊಂದು.

ಆಮೇಲೆ ಅವನ್ನು ಹಾಕಿ ಕೇಳುವುದನ್ನೂ ಕಲಿಸಿದಳು. ಅದಕ್ಕೆ ಇಂಗ್ಲಿಷ್ ಅಕ್ಷರ ಬೇಕಿರಲಿಲ್ಲ. ತ್ರಿಕೋನ ಎಂದರೆ ಹಾಡು, ಎರಡು ಕಡ್ಡಿ ಎಂದರೆ ನಿಲ್ಲು, ಬಲಕ್ಕೆ ತಳ್ಳಿದರೆ ಮುಂದಿನ ಹಾಡು, ಮೇಲಕ್ಕೆ ತಳ್ಳಿದರೆ ಜೋರು. ಈಳಿಗೆಮಣೆಯ ಮುಂದೆ ಹುರುಳಿಕಾಯಿ ಹೆಚ್ಚುತ್ತಾ ಎಡಗೈಯಲ್ಲಿ ಹಾಡು ಬದಲಾಯಿಸುವಷ್ಟು ಅಭ್ಯಾಸವಾಯಿತು. ಮೊಬೈಲಿನ ಮಾತು ಕಂಪ್ಯೂಟರಿಗೆ ಎಲ್ಲಿಯವರೆಗೆ ಕೇಳುತ್ತದೆ ಎಂದು ನಾವಿಬ್ಬರೂ ಪರೀಕ್ಷೆ ಮಾಡಿದ್ದೆವು. ಅಡುಗೆಮನೆಯಿಂದ ಬಾಗಿಲು ಹಾಕಿದರೂ ಕೇಳುತ್ತಿತ್ತು. ತಾರಸಿಯ ಮೇಲೆ ಬಟ್ಟೆ ಹರವುವಾಗ ಮಾತ್ರ ಕೇಳುತ್ತಿರಲಿಲ್ಲ.

ಸೀಮಂತ ನಿಶ್ಚಯವಾದಾಗ ನಮ್ಮ ಅತ್ತಿಗೆ ಬಂದರು. ಅತ್ತಿಗೆ ಎಂದರೆ ನಿಮ್ಮ ತಾತನ ಅಕ್ಕ. ಅವರನ್ನು ಕೆಟ್ಟವರು ಎಂದು ತಿಳಿಯಬೇಡಿ. ನಿಮ್ಮ ತಾತ ಆಸ್ಪತ್ರೆಯಲ್ಲಿದ್ದಾಗ ರಾತ್ರಿ ಹಗಲು ನನ್ನ ಜೊತೆಗಿದ್ದವರು. ಮನೆಯಲ್ಲಿ ಯಾವ ಶುಭ ಕಾರ್ಯವಾದರೂ ಎಲ್ಲಿ ಏನಿರಬೇಕು, ಯಾರು ಎಲ್ಲಿ ಕೂರಬೇಕು ಎನ್ನುವುದೆಲ್ಲ ಅವರದೇ. ಬಂದವರೇ ಹಾಲಿನ ಮಧ್ಯೆ ನಿಂತು, "ಹಸೆ ಇಲ್ಲಿ. ಮುತ್ತೈದೆಯರು ಈ ಕಡೆ. ಬೀಗರು ಆ ಕಡೆ. ನೀನು ಅಡಿಗೆಮನೆ ನೋಡ್ಕೊ ಕಣಮ್ಮ" ಅಂದರು.

ನಿಮ್ಮಮ್ಮ ಕೇಳಿದಳು: "ಹಾಡೋಕೆ ಯಾರು ಅತ್ತೆ?"

"ಈಗ ಯಾರಿಗೆ ಬರುತ್ತಮ್ಮ ಅದೆಲ್ಲ? ಆ ಕಂಪ್ಯೂಟರಲ್ಲಿ ಏನಾದ್ರೂ ಹಾಕು."

"ಇದರಲ್ಲಿ ಅಮ್ಮನ ಪದಾನೇ ಇದೆ" ಎಂದು ನಿಮ್ಮಮ್ಮ ಹಾಕಿಯೇಬಿಟ್ಟಳು. ಅತ್ತಿಗೆ ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು ಕೂಡ. ಆಮೇಲೆ ಹೇಳಿದ ಮಾತು ಇದು: "ಇದೇ ಹಾಕು. ಕಂಪ್ಯೂಟರು ಹಾಡಿದ್ರೆ ದೋಷ ಇಲ್ಲ. ದನಿ ಬರ್ಲಿ, ನೀನು ಮಾತ್ರ ಹಸೆ ಹತ್ರ ಬರ್ಬೇಡ."

ನನಗೆ ಅಲ್ಲಿಯವರೆಗೆ ಸಿಟ್ಟು ಬಂದಿರಲಿಲ್ಲ. ಬರಬೇಡ ಎಂದಿದ್ದರೆ, ಹಾಡೂ ಬೇಡ ಎಂದಿದ್ದರೆ, ನಾನು ಎಷ್ಟೋ ವರ್ಷದಿಂದ ಇದ್ದ ಹಾಗೆ ಒಲೆಯ ಮುಂದೆ ಇದ್ದುಬಿಡುತ್ತಿದ್ದೆ. ದನಿ ಬೇಕು, ನಾನು ಬೇಡ ಎಂದರೆ ಏನರ್ಥ? ನನ್ನ ಮಗಳ ಸೀಮಂತದಲ್ಲಿ ನನ್ನ ಹಾಡು ಹಸೆಯ ಮುಂದೆ ನಿಲ್ಲಬಹುದು, ನಾನು ನಿಲ್ಲಬಾರದು. ಆ ದಿನ ಮಗಳ ಮುಂದೆ ನಿಲ್ಲುತ್ತೇನೆಯೋ ಇಲ್ಲವೋ ಎನ್ನುವುದೊಂದೇ ಆಮೇಲೆ ನನ್ನ ತಲೆಯಲ್ಲಿ ಉಳಿಯಿತು. ಬಾಯಲ್ಲಿ ಮಾತ್ರ "ಆಯ್ತು ಅತ್ತಿಗೆ" ಅಂದೆ.

ಸೀಮಂತದ ದಿನ ಬೆಳಿಗ್ಗೆ ಅತ್ತಿಗೆ ಕಂಪ್ಯೂಟರಿಗೆ ಅರಿಶಿನ ಕುಂಕುಮ ಇಟ್ಟರು. ಮೇಲೊಂದು ಸೇವಂತಿಗೆ ಹೂ ಸಿಕ್ಕಿಸಿದರು. ಹಸೆಯ ಹತ್ತಿರ ಇರುವ ವಸ್ತು ಬರಿದಾಗಿ ಇರಬಾರದಂತೆ. ನಾನು ಒಳಗಿನಿಂದ ನೋಡಿದೆ. ನನ್ನ ಹಾಡು ತುಂಬಿಕೊಂಡ ಆ ಪೆಟ್ಟಿಗೆಯ ಹಣೆಯ ಮೇಲೆ ಕುಂಕುಮ ಇತ್ತು.

ಯಾವ ಶಾಸ್ತ್ರಕ್ಕೆ ಯಾವ ಪದ ಎಂದು ಗೊತ್ತಿದ್ದವಳು ನಾನೊಬ್ಬಳೇ. ನಿಮ್ಮಮ್ಮ ಹಸೆಯಿಂದ ಏಳುವಂತಿರಲಿಲ್ಲ. ಹಾಗಾಗಿ ಮೊಬೈಲು ನನ್ನ ಕೈಯಲ್ಲಿ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಸೆರಗಿನೊಳಗೆ ಕೈಯಿಟ್ಟುಕೊಂಡು ಒತ್ತುತ್ತಿದ್ದೆ. ಅರಿಶಿನ ಹಚ್ಚಿದರು, ಅದರ ಪದ ಬಂತು. ಬಳೆ ತೊಡಿಸಿದರು, ಬಳೆಯ ಪದ ಬಂತು. ಹಸಿರು ಬಳೆ ಅವಳ ಕೈಗೆ ಹತ್ತದೆ ಬಳೆಗಾರ್ತಿ ಒದ್ದಾಡಿದಾಗ ನಾನು ಎರಡು ಕಡ್ಡಿ ಒತ್ತಿ ನಿಲ್ಲಿಸಿ, ಹತ್ತಿದ ಮೇಲೆ ಮತ್ತೆ ಬಿಟ್ಟೆ. ಮಡಿಲು ತುಂಬುವಾಗ ನಿಮ್ಮ ಕೆಂಗೇರಿ ಅಜ್ಜಿ, ಅಂದರೆ ನಿಮ್ಮಪ್ಪನ ಅಮ್ಮ, ಅಕ್ಕಿಯ ಬೊಗಸೆ ಹಿಡಿದುಕೊಂಡೇ ಕೇಳಿದರು: "ಯಾರಕ್ಕ ಇದು ಹಾಡಿರೋದು? ಕೇಳ್ತಿದ್ರೆ ನಮ್ಮವ್ವ ಕೂತ್ಕಂಡು ಹೇಳ್ದಂಗಾಯ್ತದೆ."

ಅತ್ತಿಗೆ, "ಯಾರೋ ಹಳೇ ಕಾಲದೋರು. ಕಂಪ್ಯೂಟರಲ್ಲಿ ಎಲ್ಲಾ ಸಿಗುತ್ತೆ" ಅಂದರು.

ನಾನು ಬಾಗಿಲಲ್ಲೇ ಇದ್ದೆ. ನನಗೆ ಕೇಳುವಷ್ಟು ಹತ್ತಿರ.

ಆರತಿಗೆ ದೀಪ ಹಚ್ಚಿದರು. ಅತ್ತಿಗೆ ತಿರುಗಿ ನನ್ನನ್ನು ಕಂಡು ಹತ್ತಿರ ಬಂದು ಮೆಲ್ಲಗೆ, "ಇಲ್ಲಿ ನಿಂತ್ಕೋಬೇಡ. ಆರತಿಗೆ ಎದುರಾಗ್ತೀಯ. ಒಳಗೋಗಿ ಬಾಗಿಲು ಹಾಕ್ಕೊ, ಒಂದೇ ಒಂದು ಗಳಿಗೆ" ಅಂದರು. ಮಾತು ಒರಟಾಗಿರಲಿಲ್ಲ. ಮಗುವಿಗೆ ಹೇಳಿದ ಹಾಗಿತ್ತು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಒಲೆಯ ಮೇಲೆ ಪಾಯಸ ಕುದಿಯುತ್ತಿತ್ತು. ಉರಿ ಸಣ್ಣ ಮಾಡಿ ಮಣೆಯ ಮೇಲೆ ಕೂತೆ. ಮೊಬೈಲು ಮಡಿಲಲ್ಲಿತ್ತು. ಆಚೆಯಿಂದ "ಹೂಂ, ಆರತಿ ಹಾಡು ಬರ್ಲಿ" ಎಂದು ಅತ್ತಿಗೆಯ ಕೂಗು ಕೇಳಿತು. ಬಲಕ್ಕೊಂದು ಸಲ ತಳ್ಳಿ ಮಧ್ಯದಲ್ಲಿ ಒತ್ತಿದರೆ ಸಾಕಿತ್ತು. ಬಾಗಿಲು ಹಾಕಿದರೂ ಕಂಪ್ಯೂಟರಿಗೆ ಕೇಳುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ನಾನು ಒತ್ತಲಿಲ್ಲ.

ಪಾಯಸ ತಿರುವಿದೆ.

"ಹಾಡು, ಹಾಡು" ಎಂದು ಮತ್ತೆ ಕೂಗಿದರು. ಯಾರೋ ಹೋಗಿ ಮೌಸು ಅಲ್ಲಾಡಿಸಿದರು. ಕಂಪ್ಯೂಟರು ಟಣ್ ಎಂದಿತು. "ಅಯ್ಯೋ, ಇದೇನೋ ಕೇಳ್ತಿದೆ, ಎಸ್ಸೋ ನೋನೋ ಅಂತೆ!" "ಮುಟ್ಬೇಡಿ, ಎಲ್ಲಾ ಹೋಗ್ಬಿಡುತ್ತೆ!" ಎಂದು ಗದ್ದಲ. ಒಬ್ಬರು ತಾವೇ ಹಾಡಲು ಶುರುಮಾಡಿದರು. ಮೊದಲ ಸಾಲಿನ ಅರ್ಧಕ್ಕೆ ಹಾಡು ಮದುವೆಮನೆಯ ಬೇರೆ ಯಾವುದೋ ಪದದೊಳಗೆ ಹೊಕ್ಕು ಕಳೆದುಹೋಯಿತು. ಎಲ್ಲರೂ ನಕ್ಕರು. ಆಮೇಲೆ ಸದ್ದಡಗಿತು. ವಿಡಿಯೋದಲ್ಲಿ ನೀವು ನೋಡಿ ನಕ್ಕಿದ್ದು ಇದೇ ಹೊತ್ತು.

ಆಗ ನಿಮ್ಮಮ್ಮನ ದನಿ ಕೇಳಿತು. "ಮೊಬೈಲು ಅಮ್ಮನ ಹತ್ರ ಇದೆ ಅತ್ತೆ. ಅಮ್ಮ ಒತ್ತಿದ್ರೇನೇ ಹಾಡೋದು."

ಅದು ನಿಜವಲ್ಲ. ಮೌಸಿನಿಂದಲೂ ಆಗುತ್ತಿತ್ತು, ಅವಳೇ ಹೇಳಿಕೊಟ್ಟರೆ ಯಾರು ಬೇಕಾದರೂ ಒತ್ತಬಹುದಿತ್ತು. ಅವಳಿಗೆ ನಾನು ಏನು ಮಾಡುತ್ತಿದ್ದೇನೆ ಎಂದು ಗೊತ್ತಾಗಿಹೋಗಿತ್ತು. ನಾವು ಮೊದಲೇ ಮಾತಾಡಿಕೊಂಡಿರಲಿಲ್ಲ, ಆಣೆ ಮಾಡಿ ಹೇಳುತ್ತೇನೆ.

ಬಾಗಿಲು ತೆರೆದುಕೊಂಡಿತು. ಅತ್ತಿಗೆ.

"ಏನಾಯ್ತು ಕಣೇ? ಒತ್ತು!"

"ಒಳಗಿಂದ ಒತ್ತಲ್ಲ ಅತ್ತಿಗೆ."

"ಹಂಗಾದ್ರೆ ಅದನ್ನ ಇಲ್ಲಿ ಕೊಡು, ನಾನೇ ಒತ್ತುತೀನಿ."

"ಕೊಡಲ್ಲ."

ಅವರ ಜೊತೆ ಅಂಥ ಮಾತು ನಾನು ಆಡಿದ್ದು ಅದೇ ಮೊದಲು. ಅವರಿಗೆ ಕೇಳಿಸಿತೋ ಇಲ್ಲವೋ ಎನ್ನುವ ಹಾಗೆ ನನ್ನನ್ನೇ ನೋಡಿದರು.

"ಆರತಿ ದೀಪ ಆರೋಗ್ತಿದೆ ಅಲ್ಲಿ!"

"ಆರಿದ್ರೆ ಇನ್ನೊಂದ್ಸಲ ಹಚ್ಚಿದ್ರಾಯ್ತು."

"ನಿನಗೇನು ಬೇಕು ಈಗ?"

"ಹಸೆ ಹತ್ರ ನಿಂತ್ಕೊಂಡು ಒತ್ತುತೀನಿ."

ಅತ್ತಿಗೆ ಬಾಗಿಲು ಮುಂದಕ್ಕೆ ತಳ್ಳಿ, ದನಿ ತಗ್ಗಿಸಿ, "ಹಠಕ್ಕೆ ಇದಾ ಹೊತ್ತು? ಬೀಗರ ಮುಂದೆ ಮಾನ ಕಳೀತೀಯ. ನನ್ನ ತಮ್ಮ ಇದ್ದಿದ್ರೆ ಏನಂತಿದ್ದ?" ಅಂದರು.

"ಅವರಿದ್ದಿದ್ರೆ ನೀವು ನನ್ನ ಇಲ್ಲಿ ಕೂರಿಸ್ತಾನೇ ಇರ್ಲಿಲ್ಲ."

ಅತ್ತಿಗೆ ಕೊನೆಯದೊಂದು ಮಾತು ಇಟ್ಟುಕೊಂಡಿದ್ದರು, ಆಡಿದರು. "ನೋಡು, ನನಗೇನೂ ಇಲ್ಲ. ನಾಳೆ ಆ ಹೊಟ್ಟೇಲಿರೋದಕ್ಕೆ ಏನಾದ್ರೂ ಆದ್ರೆ ಎಲ್ರೂ ನಿನ್ನನ್ನೇ ಅನ್ನೋದು. ನೀನೂ ನಿನ್ನನ್ನೇ ಅಂದ್ಕೋತೀಯ. ಅದನ್ನ ತಡ್ಕೋತೀಯಾ?"

ಮಕ್ಕಳೇ, ಇಷ್ಟು ಹೊತ್ತು ಇದ್ದ ಧೈರ್ಯ ಅಲ್ಲಿ ಇಳಿಯಿತು. ನಾನು ಹೆಚ್ಚು ಓದಿದವಳಲ್ಲ, ದೋಷ ಇಲ್ಲ ಎಂದು ನನಗೆ ಯಾರೂ ಕಲಿಸಿರಲಿಲ್ಲ. ಆ ಭಯ ನನ್ನೊಳಗೂ ಇತ್ತು. ಮೊಬೈಲು ಅವರ ಕೈಗೆ ಕೊಟ್ಟುಬಿಡಲು ಕೈ ಚಾಚಿಯೂ ಇದ್ದೆನೇನೋ. ಆಗ ಕೈ ನೋಡಿಕೊಂಡೆ. ಇದೇ ಕೈಯಲ್ಲಿ ಆ ಹುಡುಗಿಯ ವಾಂತಿ ಬಳಿದಿದ್ದೆ. ತಲೆ ಹಿಡಿದಿದ್ದೆ. ಕಾಲು ಊದಿದಾಗ ಎಣ್ಣೆ ತಿಕ್ಕಿದ್ದೆ, ಹೊಟ್ಟೆಯ ಮೇಲೆ ಕೈಯಿಟ್ಟು ನಿಮ್ಮಲ್ಲಿ ದೊಡ್ಡವಳು ಒದೆಯುವುದನ್ನು ನಿಮ್ಮಪ್ಪನಿಗಿಂತ ಮೊದಲು ಮುಟ್ಟಿ ನೋಡಿದ್ದೆ.

"ಇಷ್ಟು ತಿಂಗಳು ಅವಳನ್ನ ಮುಟ್ಟಿದ್ದು ನಾನೇ ಅತ್ತಿಗೆ. ಆಗ ತಗಲದೇ ಇರೋ ದೋಷ ಈಗ ಆರತಿ ತಟ್ಟೆ ಕಂಡು ಓಡಿ ಬರುತ್ತಾ?"

ಅವರ ಪಕ್ಕದಿಂದಲೇ ಆಚೆ ಬಂದೆ. ಒಲೆ ಆರಿಸಿದ್ದು ನೆನಪಿದೆ.

ಹಾಲಿನಲ್ಲಿ ಹೆಂಗಸರೆಲ್ಲ ನನ್ನ ಕಡೆ ನೋಡಿದರು. ಶಾಲೆಯಲ್ಲಿ ಎದ್ದು ನಿಂತ ಹಾಗೆಯೇ ಕಿವಿ ಬಿಸಿಯಾಯಿತು. ಬಟ್ಟೆಯೂ ಮನೆಯಲ್ಲಿ ಉಡುವ ಸೀರೆ, ಸೆರಗಿನ ತುದಿಗೆ ಪಾಯಸ. ತಲೆ ಎತ್ತಲಿಲ್ಲ. ಹಸೆಯ ಪಕ್ಕಕ್ಕೆ ಹೋಗಿ ಮೊಬೈಲು ಹೊರತೆಗೆದು, ಎಲ್ಲರಿಗೂ ಕಾಣುವ ಹಾಗೆ ಹಿಡಿದು ಒತ್ತಿದೆ. ಆರತಿಯ ಪದ ಶುರುವಾಯಿತು. ಕೆಂಗೇರಿ ಅಜ್ಜಿ ಒಂದು ಸಲ ಕಂಪ್ಯೂಟರು ನೋಡಿದರು, ಒಂದು ಸಲ ನನ್ನನ್ನು. "ಅಯ್ಯೋ ನಮ್ಮವ್ವ, ನೀವಾ!" ಅಂದರು.

ಆರತಿ ತಟ್ಟೆಗೆ ಇಬ್ಬರ ಕೈ ಬೇಕು, ಆಚೆಗೊಬ್ಬರು ಈಚೆಗೊಬ್ಬರು. ಆಚೆ ಬದಿಯಲ್ಲಿ ಕೆಂಗೇರಿ ಅಜ್ಜಿ ಇದ್ದರು. ಈಚೆ ಬದಿ ಹಿಡಿದಿದ್ದ ನೆಂಟರಾಕೆ ನಾನು ಬಂದಿದ್ದನ್ನು ನೋಡಿ ಕೈ ಬಿಟ್ಟು ಹಿಂದೆ ಸರಿದಳು. ತಟ್ಟೆ ಓಲಾಡಿತು, ಎಣ್ಣೆ ಚೆಲ್ಲಿತು. ಯಾರೂ ಮುಂದೆ ಬರಲಿಲ್ಲ. ಆ ಖಾಲಿ ಅಂಚು ನನ್ನ ಎದುರಿಗೇ ಇತ್ತು. ಯಾರಾದರೂ ಕರೆಯಲಿ ಎಂದು ನಾನು ಕಾಯಲಿಲ್ಲ. ಹಿಡಿಯಬೇಕೆಂದರೆ ಕೈ ಖಾಲಿಯಿರಬೇಕು. ನನ್ನ ಹಿಂದೆಯೇ ಬಂದು ನಿಂತಿದ್ದ ಅತ್ತಿಗೆಯ ಕೈಗೆ ಮೊಬೈಲು ಕೊಟ್ಟೆ.

"ಹಿಡ್ಕೊಳ್ಳಿ. ಏನೂ ಒತ್ತಬೇಡಿ, ನಿಂತೋಗುತ್ತೆ."

ಅತ್ತಿಗೆ ಕಾದ ಪಾತ್ರೆ ಹಿಡಿದ ಹಾಗೆ ಅದನ್ನು ಎರಡು ಕೈಯಲ್ಲಿ ಹಿಡಿದು ನಿಂತರು. ಬೆರಳು ಒಂದಿಷ್ಟೂ ಅಲ್ಲಾಡಿಸಲಿಲ್ಲ.

ನಾನು ತಟ್ಟೆ ಹಿಡಿದೆ. ಎತ್ತಿದೆವು. ನಿಮ್ಮಮ್ಮ ಆಗ ತಲೆಯೆತ್ತಿ ನೋಡಿದಳು. ಅವಳ ಮುಖವನ್ನು ವಿಡಿಯೋದಲ್ಲಿ ನೀವೇ ನೋಡಿಕೊಳ್ಳಿ, ನಾನು ಬರೆಯುವುದಿಲ್ಲ. ಹಾಡು ಕಂಪ್ಯೂಟರಿನಿಂದ ಬರುತ್ತಿತ್ತು. ಗೋಡೆಗೆ ಮುಖ ಮಾಡಿ ಹಾಡಿದ್ದು ಅದು, ತಗ್ಗಿದ ದನಿ. ಎರಡನೆಯ ನುಡಿಗೆ ನಾನೂ ಸೇರಿಕೊಂಡೆ. ಅದಕ್ಕಿಂತ ನನ್ನದು ಜೋರಾಗಿತ್ತು. ಸ್ವಲ್ಪ ಹೊತ್ತಿಗೆ ಕೆಂಗೇರಿ ಅಜ್ಜಿಯೂ ತಮಗೆ ಬಂದ ಹಾಗೆ ಸೇರಿಕೊಂಡರು.

ಆರತಿ ಇಳಿಸಿದ ಮೇಲೆ ಅತ್ತಿಗೆ ಮೊಬೈಲನ್ನು ಕಂಪ್ಯೂಟರಿನ ಪಕ್ಕ ಇಟ್ಟು, ತಾಂಬೂಲ ತೆಗೆದುಕೊಳ್ಳದೆ, ಊಟ ಮಾಡದೆ ಚಪ್ಪಲಿ ಮೆಟ್ಟಿ ಹೊರಟರು. ನಿಮ್ಮಪ್ಪ ಗೇಟಿನವರೆಗೆ ಹೋಗಿ ಕರೆದರು. ನಾನು ಹೋಗಲಿಲ್ಲ. ಅವರಿಗೆ ನೋವಾಯಿತೆಂದು ನನಗೆ ಗೊತ್ತು, ನನಗೂ ಆಯಿತು. ಆದರೂ ಹೋಗಿ ತಪ್ಪಾಯಿತು ಎನ್ನುವ ಕೆಲಸ ನಾನು ಮಾಡಿರಲಿಲ್ಲ. ಆಮೇಲೆ ಬಹಳ ದಿನ ಅವರು ನಮ್ಮ ಮನೆಗೆ ಬರಲಿಲ್ಲ. ದೊಡ್ಡವಳ ನಾಮಕರಣಕ್ಕೆ ಬಂದರು. ಮಾತಾಡಲಿಲ್ಲ. ನಾನು ತೊಟ್ಟಿಲ ಹಗ್ಗ ಹಿಡಿದಿದ್ದಾಗ ಎದುರಿಗೇ ಕೂತಿದ್ದರು, ಒಳಗೆ ಹೋಗು ಎನ್ನಲಿಲ್ಲ. ಅಂದಿದ್ದರೂ ನಾನು ಹಗ್ಗ ಬಿಡುತ್ತಿರಲಿಲ್ಲ.

ಸೀಮಂತದ ದಿನ ಊಟಕ್ಕೆ ಎಲೆ ಹಾಕಿದಾಗ ಬಡಿಸಲು ಬಾ ಎಂದು ಅಡುಗೆಮನೆಯಿಂದ ಯಾರೋ ಕರೆದರು. ನಾನು ಮೊದಲ ಪಂಕ್ತಿಯಲ್ಲಿ ನಿಮ್ಮಮ್ಮನ ಪಕ್ಕದ ಎಲೆಗೆ ಹೋಗಿ ಕೂತೆ. ಪಾಯಸ ಸ್ವಲ್ಪ ತಳ ಹಿಡಿದಿತ್ತು. ಎರಡು ಸಲ ಹಾಕಿಸಿಕೊಂಡೆ.